ಹೊರಸಂಚಾರದಿಂದ ಪದ್ಯಕ್ಕೆ: ಪುಟ್ಟ ಮಕ್ಕಳಿಂದ ವರ್ಣನೆಯ ಕವಿತೆ ಬರೆಸುವ ಬಗೆ

"ಹೊರಸಂಚಾರಕ್ಕೆ ಹೋಗಿ ಬಂದ ಮೇಲೆ ಪದ್ಯ ಬರೆಯಲು ಹೇಳಿದರೆ ಎಲ್ಲ ಮಕ್ಕಳೂ ಒಂದೇ ಥರ ಬರೆಯುತ್ತಾರೆ, ಏನು ಮಾಡುವುದು?" ಒಂದರಿಂದ ನಾಲ್ಕನೇ ತರಗತಿಯವರೆಗೆ ಪಾಠ ಮಾಡುವವರು, ಮನೆಯಲ್ಲಿ ಮಕ್ಕಳನ್ನು ಬರವಣಿಗೆಗೆ ಕೂರಿಸುವ ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೈಗೆ ಬರುವ ಪದ್ಯ ಸಾಮಾನ್ಯವಾಗಿ ಹೀಗಿರುತ್ತದೆ:

ನಾವು ತೋಟಕ್ಕೆ ಹೋದೆವು
ಮರಗಳನ್ನು ನೋಡಿದೆವು
ಆಟಗಳನ್ನು ಆಡಿದೆವು
ಖುಷಿಯಿಂದ ಮನೆಗೆ ಬಂದೆವು

ಇದರಲ್ಲಿ ಪ್ರಾಸವಿದೆ, ತೋಟವಿಲ್ಲ. ತೋಟಕ್ಕೆ ಹೋಗದ ಮಗುವೂ ಇದನ್ನು ಬರೆಯಬಹುದು. ಇಂಥ ಪದ್ಯ ನೋಡಿ ಮಗುವಿಗೆ ಕಲ್ಪನೆ ಸಾಲದು ಎಂದುಕೊಳ್ಳಬೇಡಿ. ಬರೆಯಲು ಕೂತಾಗ ಅದರ ಹತ್ತಿರ ಸಾಮಗ್ರಿಯೇ ಇರಲಿಲ್ಲ, ಅಷ್ಟೇ. ಏಳೆಂಟು ವರ್ಷದ ಮಗುವಿಗೆ ನಿನ್ನೆಯ ಒಂದು ದಿನವನ್ನು ಪೂರ್ತಿಯಾಗಿ ನೆನಪಿಸಿಕೊಂಡು, ಅದರಲ್ಲಿ ಮುಖ್ಯವಾದದ್ದನ್ನು ಆರಿಸಿ, ಪದ ಹುಡುಕಿ, ಕಾಗುಣಿತ ತಪ್ಪದೆ ಬರೆಯುವ ಕೆಲಸವನ್ನು ಒಟ್ಟಿಗೇ ಕೊಟ್ಟರೆ ಅದು ಸುಲಭದ ದಾರಿ ಹಿಡಿಯುತ್ತದೆ. ಆದ್ದರಿಂದ ಪದ್ಯದ ಮುಕ್ಕಾಲು ಕೆಲಸ ಹೋದ ಜಾಗದಲ್ಲೇ ಮುಗಿದಿರಬೇಕು. ಮಿಕ್ಕದ್ದನ್ನು ತರಗತಿಯಲ್ಲಿ ಒಂದೊಂದಾಗಿ ಮಾಡಿಸಬೇಕು.

ವರ್ಣನೆಯ ಪದ್ಯ ಎಂದರೆ ಒಂದು ಜಾಗ, ವಸ್ತು ಅಥವಾ ಜೀವಿಯನ್ನು ಅದು ಕಂಡ, ಕೇಳಿಸಿದ, ಮುಟ್ಟಿದಾಗ ತಿಳಿದ ರೀತಿಯಲ್ಲಿ ಓದುಗರ ಮುಂದಿಡುವ ಪದ್ಯ. ಏನೇನಾಯಿತು ಎಂಬ ವರದಿ ಅದರಲ್ಲಿ ಬೇಕಿಲ್ಲ. ಈ ವ್ಯತ್ಯಾಸ ನಿಮಗೆ ಸ್ಪಷ್ಟವಾಗಿದ್ದರೆ ಸಾಕು. ಮಕ್ಕಳಿಗೆ ವ್ಯಾಖ್ಯಾನ ಹೇಳಲು ಹೋಗಬೇಡಿ.

ಬೇಕಾಗುವ ಸಾಮಾನು

ಪ್ರತಿ ಮಗುವಿಗೆ ಒಂದು ಪುಟಾಣಿ ಪುಸ್ತಕ: ಎ4 ಹಾಳೆ ಎರಡನ್ನು ಒಂದರ ಮೇಲೊಂದಿಟ್ಟು ಎರಡು ಸಲ ಮಡಚಿ, ಬೆನ್ನಿಗೆ ಹೊಲಿಗೆ ಅಥವಾ ಪಿನ್ನು ಹಾಕಿ, ಮಡಿಕೆ ಕತ್ತರಿಸಿದರೆ ಹದಿನಾರು ಪುಟ ಸಿಗುತ್ತದೆ. ಪುಸ್ತಕದ ಅಡಿಗೆ ಅದೇ ಅಳತೆಯ ಗಟ್ಟಿ ರಟ್ಟು ಕೊಡಿ, ನಿಂತುಕೊಂಡೇ ಬರೆಯಲು ಅದು ಬೇಕು. ಪೆನ್ಸಿಲ್ಲನ್ನು ಒಂದು ಮೊಳ ದಾರದಲ್ಲಿ ಪುಸ್ತಕಕ್ಕೇ ಕಟ್ಟಿಬಿಡಿ. ಇಲ್ಲದಿದ್ದರೆ ಅರ್ಧ ಸಮಯ ಬಿದ್ದ ಪೆನ್ಸಿಲ್ ಹುಡುಕುವುದರಲ್ಲೇ ಹೋಗುತ್ತದೆ. ಹೊರಗೆ ಅಳಿಸುವ ರಬ್ಬರು ಕೊಡಬೇಡಿ. ರಬ್ಬರು ಕೈಯಲ್ಲಿದ್ದರೆ ಮಕ್ಕಳು ಅಕ್ಷರ ತಿದ್ದುತ್ತಾ ಕೂರುತ್ತಾರೆ, ತಲೆ ಎತ್ತಿ ನೋಡುವುದಿಲ್ಲ.

ಐದಾರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಇರಲಿ. ಹಿಂದಿರುಗಿದ ಮೇಲೆ ತಲಾ ನಲವತ್ತು ನಿಮಿಷದ ಎರಡು ಅವಧಿ ಬೇಕು, ಸಾಧ್ಯವಾದರೆ ಬೇರೆ ಬೇರೆ ದಿನ. ಮೊದಲ ಅವಧಿ ಹೋಗಿಬಂದ ಮರುದಿನವೇ ಆಗಲಿ. ನಡುವೆ ರಜೆ ಬರುವಂತಿದ್ದರೆ ಹೊರಡುವ ದಿನವನ್ನೇ ಬದಲಿಸುವುದು ಒಳ್ಳೆಯದು.

ಹಂತ 1: ಹೊರಡುವ ಮುನ್ನ ಒಂದು ತಾಲೀಮು

ಹಿಂದಿನ ದಿನ ತರಗತಿಯ ಒಳಗೇ ಹತ್ತು ನಿಮಿಷದ ಅಭ್ಯಾಸ ಮಾಡಿಸಿ. ಒಂದು ಕಲ್ಲು, ಒಣಗಿದ ಎಲೆ, ಹಳೆಯ ಬೀಗದಂಥ ಮೂರು ವಸ್ತು ಸಾಕು. ಮಕ್ಕಳು ಕಣ್ಣು ಮುಚ್ಚಿ ಮುಟ್ಟಲಿ, ಕಿವಿಯ ಹತ್ತಿರ ಅಲ್ಲಾಡಿಸಲಿ, ಮೂಸಲಿ. ಪ್ರತಿಯೊಬ್ಬರೂ ಒಂದೇ ಒಂದು ಪದ ಹೇಳಬೇಕು, ಮುಂಚೆ ಹೇಳಿದವರ ಪದ ಮತ್ತೆ ಬರಬಾರದು. ಈ ಕಟ್ಟುಪಾಡು ಮುಖ್ಯ. ಮೊದಲ ನಾಲ್ಕೈದು ಮಕ್ಕಳಲ್ಲೇ 'ಗಟ್ಟಿ', 'ತಣ್ಣಗೆ' ಮುಗಿದುಹೋಗುತ್ತವೆ. ಆಮೇಲಿನವರು 'ತರಿತರಿ', 'ಗರಿಗರಿ', 'ಕಮಟು', 'ಭಾರ' ಎಂದು ಹುಡುಕತೊಡಗುತ್ತಾರೆ.

ಅಂದೇ ಮೂರು ಪದಗಳಿಗೆ ರಜೆ ಕೊಡಿ: 'ಚೆನ್ನಾಗಿತ್ತು', 'ಸುಂದರ', 'ಖುಷಿ'. ಇವು ಕೆಟ್ಟ ಪದಗಳೇನಲ್ಲ. ಆದರೆ ಇವನ್ನು ಬರೆದ ಮೇಲೆ ಮಗುವಿಗೆ ಇನ್ನೇನೂ ಹೇಳುವುದು ಉಳಿಯುವುದಿಲ್ಲ. ಪದಗಳನ್ನು ಹಲಗೆಯ ಮೇಲೆ ಬರೆದು ಸುತ್ತ ಗೆರೆ ಎಳೆದುಬಿಟ್ಟರೆ ಮಕ್ಕಳೇ ಒಬ್ಬರನ್ನೊಬ್ಬರು ಹಿಡಿದುಕೊಡುತ್ತಾರೆ.

ಹಂತ 2: ಹೋದ ಜಾಗದಲ್ಲಿ ಮೂರು ನಿಲ್ದಾಣ

ಇಡೀ ಜಾಗವನ್ನು ವರ್ಣಿಸಲು ಹೊರಟರೆ ಮಗು ಸೋಲುತ್ತದೆ. ನೀವು ಮೊದಲೇ ನೋಡಿಕೊಂಡು ಬಂದು ಮೂರು ನಿಲ್ದಾಣ ಗೊತ್ತು ಮಾಡಿಕೊಳ್ಳಿ. ಕೆರೆಗೆ ಹೋಗುವುದಾದರೆ ದಂಡೆಯ ಒಂದು ಮರ, ನೀರಿನ ಅಂಚು, ಕಾಲುದಾರಿಯ ಮಣ್ಣು. ಅಗ್ನಿಶಾಮಕ ಠಾಣೆಯಾದರೆ ವಾಹನದ ಚಕ್ರ, ಸುರುಳಿ ಸುತ್ತಿದ ನೀರಿನ ಕೊಳವೆ, ಸಿಬ್ಬಂದಿಯ ಶಿರಸ್ತ್ರಾಣ. ವಸ್ತುಸಂಗ್ರಹಾಲಯದಲ್ಲಿ ಮುಟ್ಟಲು ಬಿಡುವುದಿಲ್ಲವಾದ್ದರಿಂದ ಅಲ್ಲಿ ಬೆಳಕು, ನೆರಳು, ನೆಲದ ಮೇಲಿನ ಹೆಜ್ಜೆಯ ಸದ್ದು, ಗಾಜಿನಲ್ಲಿ ಕಾಣುವ ತಮ್ಮದೇ ಮುಖ, ಇಂಥವು ಒದಗುತ್ತವೆ.

ಪ್ರತಿ ನಿಲ್ದಾಣಕ್ಕೆ ಆರೇಳು ನಿಮಿಷ ಸಾಕು. ಮೊದಲ ಒಂದು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಕೇಳಲಿ. ಮಕ್ಕಳು ಮೊದಲ ಹತ್ತು ಸೆಕೆಂಡು ಕಿಸಿಕಿಸಿ ನಗುತ್ತಾರೆ, ಸುಮ್ಮನಿರಿ. ನಿಜವಾಗಿ ಕೇಳುವುದು ಅರ್ಧ ನಿಮಿಷದ ನಂತರವೇ. ಬಳಿಕ ಕಣ್ಣು ಬಿಟ್ಟು ಮೂರು ನಿಮಿಷ ನೋಡುವುದು, ಮುಟ್ಟುವುದು, ಮೂಸುವುದು. ಉಳಿದ ಸಮಯದಲ್ಲಿ ಬರೆಯುವುದು. ಒಂದು ಪುಟಕ್ಕೆ ಒಂದೇ ಇಂದ್ರಿಯ. ಪುಟದ ತಲೆಯ ಮೇಲೆ ಕಣ್ಣು, ಕಿವಿ, ಮೂಗು, ಕೈಯ ಚಿತ್ರ ಮೊದಲೇ ಬರೆದಿಟ್ಟಿರಿ. ಪೂರ್ತಿ ವಾಕ್ಯ ಕೇಳಬೇಡಿ. ಒಂದು ಪದ, ಒಂದು ಗೀಚು ಚಿತ್ರ, ಒಂದು ಬಣ್ಣದ ಹೆಸರು ಬಂದರೆ ಸಾಕು. ಬರೆಯಲು ಬಾರದ ಮಗು ಹೇಳಿದ್ದನ್ನು ನೀವು ಬರೆದುಕೊಳ್ಳಿ, ಅದರ ಬಾಯಲ್ಲಿ ಬಂದ ರೂಪದಲ್ಲೇ.

ನೀವು ಕೇಳುವ ಪ್ರಶ್ನೆ ಬಹಳ ಮುಖ್ಯ. "ಹೂ ಎಷ್ಟು ಚೆಂದ ಇದೆ ಅಲ್ವಾ?" ಎಂದರೆ ಉತ್ತರ 'ಹೌದು' ಅಷ್ಟೇ. "ಇದರಲ್ಲಿ ಎಷ್ಟು ಬಣ್ಣ ಇವೆ?", "ಎಲೆಯ ಬೆನ್ನು ಮತ್ತು ಹೊಟ್ಟೆ ಒಂದೇ ಥರ ಇದೆಯಾ?", "ಯಾವುದು ಅಲುಗಾಡ್ತಿದೆ, ಯಾವುದು ಸುಮ್ಮನಿದೆ?", "ಬೇರೆ ಯಾರೂ ನೋಡಿರದ ಒಂದು ವಸ್ತು ಹುಡುಕು" ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಕ್ಕಳು ನೆಲಕ್ಕೆ ಬಗ್ಗುತ್ತಾರೆ, ಮೊಣಕಾಲೂರುತ್ತಾರೆ. ಒಳ್ಳೆಯ ಸಾಲುಗಳು ಅಲ್ಲೇ ಸಿಗುವುದು.

ಎಚ್ಚರಿಕೆಗಳು ಇಲ್ಲೇ ಹೇಳಿಬಿಡಬೇಕು. ಐದು ಇಂದ್ರಿಯ ಎಂದ ಮಾತ್ರಕ್ಕೆ ನಾಲಗೆಯ ಪುಟ ಬೇಡ. ಹೊರಗೆ ಏನನ್ನೂ ಬಾಯಿಗೆ ಹಾಕಬಾರದು ಎಂಬ ನಿಯಮ ಖಡಾಖಂಡಿತ. ಗುರುತು ಗೊತ್ತಿಲ್ಲದ ಗಿಡ, ಕಂಬಳಿಹುಳು, ಅಣಬೆ ಮುಟ್ಟುವಂತಿಲ್ಲ. ಮೂಸುವ ಎಲೆಯನ್ನು ದೊಡ್ಡವರು ತಿಳಿದುಕೊಂಡೇ ಕೈಯಲ್ಲಿ ಉಜ್ಜಿ ಕೊಡಲಿ. ನೀರಿನ ಹತ್ತಿರವಾದರೆ ಒಬ್ಬರು ಬರೆಸುವ ಕೆಲಸದಿಂದ ಹೊರಗುಳಿದು ಬರೀ ಕಾವಲು ನೋಡಿಕೊಳ್ಳಬೇಕು. ಉಬ್ಬಸ, ಅಲರ್ಜಿ ಇರುವ ಮಕ್ಕಳ ವಿವರ ಮೊದಲೇ ಕೇಳಿಟ್ಟುಕೊಳ್ಳಿ. ಕಣ್ಣು ಅಥವಾ ಕಿವಿ ಮಂದವಿರುವ ಮಗುವಿಗೆ ಬೇರೆ ಪುಟಗಳನ್ನು ಹೆಚ್ಚು ಕೊಡಿ. ಕಾಣದ ಮಗುವಿನ ಮುಟ್ಟುವ ಪುಟ ಅನೇಕ ಸಲ ಇಡೀ ತರಗತಿಗೆ ಪದ ಕೊಡುತ್ತದೆ.

ಫೋಟೊ ತೆಗೆಯಿರಿ, ಆದರೆ ಮಕ್ಕಳಿಗೆ ತಕ್ಷಣ ತೋರಿಸಬೇಡಿ. ಫೋಟೊ ಮುಂದಿಟ್ಟರೆ ಮಕ್ಕಳು ಫೋಟೊವನ್ನು ವರ್ಣಿಸುತ್ತಾರೆ. ವಾಸನೆ, ಸದ್ದು, ಬಿಸಿಲಿನ ಬಿಸಿ ಎಲ್ಲವೂ ಬಿಟ್ಟುಹೋಗುತ್ತವೆ.

ಹಂತ 3: ಬರೆಯುವ ಮೊದಲು ಮಾತು

ಮರುದಿನ ಪುಟಾಣಿ ಪುಸ್ತಕ ತೆರೆದುಕೊಂಡು ಇಬ್ಬಿಬ್ಬರು ಮಕ್ಕಳು ಪರಸ್ಪರ ಹೇಳಿಕೊಳ್ಳಲಿ, ಐದು ನಿಮಿಷ. ಆಮೇಲೆ ಎಲ್ಲರ ಪದಗಳನ್ನು ಹಲಗೆಯ ಮೇಲೆ ನಾಲ್ಕು ಕಂಬವಾಗಿ ಪಟ್ಟಿ ಮಾಡಿ. ಇದಕ್ಕೆ ಪದಕೋಠಿ ಎನ್ನೋಣ. ಇದು ಪದ್ಯ ಬರೆಯುವಾಗ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಪದಗಳ ಸಂಗ್ರಹ. ಕಾಗುಣಿತವೂ ಇಲ್ಲೇ ಸಿಗುವುದರಿಂದ ಬರೆಯುವಾಗ "ಮಿಸ್, ತೊಗಟೆ ಹೇಗೆ ಬರೆಯೋದು?" ಎಂಬ ಸಾಲು ನಿಮ್ಮ ಮೇಜಿನ ಮುಂದೆ ಬೆಳೆಯುವುದಿಲ್ಲ.

ಪದಕೋಠಿಯಲ್ಲಿ ಕ್ರಿಯಾಪದ ಕಡಿಮೆ ಇದ್ದೇ ಇರುತ್ತದೆ. 'ಹೋಯಿತು', 'ಬಂತು', 'ಇತ್ತು' ಇವಿಷ್ಟೇ ಕಂಡರೆ ಒಂದು ಆಟ ಆಡಿಸಿ: ಇರುವೆ ಹೋದ ಹಾಗೆ ನಡೆದು ತೋರಿಸು, ಎಲೆ ಬಿದ್ದ ಹಾಗೆ ಬಿದ್ದು ತೋರಿಸು. ಮಗು ಮಾಡಿ ತೋರಿಸಿದ್ದಕ್ಕೆ ತರಗತಿ ಹೆಸರು ಹುಡುಕಲಿ. ತೆವಳಿತು, ನುಸುಳಿತು, ಕುಪ್ಪಳಿಸಿತು, ಓಲಾಡಿತು, ಜಾರಿತು, ಗಿರಕಿ ಹೊಡೆಯಿತು. ಒಂದು ಸರಿಯಾದ ಕ್ರಿಯಾಪದ ಮೂರು ವಿಶೇಷಣಗಳ ಕೆಲಸ ಮಾಡುತ್ತದೆ.

ಸದ್ದಿನ ಪದಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಅನುಕರಣ ಪದಗಳು, ಅಂದರೆ ಕೇಳಿಸಿದ ಸದ್ದನ್ನೇ ನುಡಿಯಾಗಿಸಿದ ಪದಗಳು ಧಾರಾಳವಾಗಿವೆ: ಸರಸರ, ಪಟಪಟ, ಗುಳುಗುಳು, ಚಿಲಿಪಿಲಿ. ಮಕ್ಕಳಿಗೆ ಇವು ಬಲು ಇಷ್ಟ, ಪದ್ಯಕ್ಕೆ ಓಟವನ್ನೂ ಇವೇ ಕೊಡುತ್ತವೆ. ತೊಂದರೆ ಏನೆಂದರೆ ನೀರು ಎಂದೊಡನೆ 'ಜುಳುಜುಳು', ಹಕ್ಕಿ ಎಂದೊಡನೆ 'ಚಿಲಿಪಿಲಿ' ತಾನಾಗಿ ಬಂದುಬಿಡುತ್ತದೆ. ನಿಂತ ಕೆರೆಯ ನೀರು ಜುಳುಜುಳು ಎನ್ನುವುದಿಲ್ಲ. ಅವರು ಕೇಳಿದ ಹಕ್ಕಿ 'ಟುವ್ವೀ ಟುವ್ವೀ' ಎಂದಿದ್ದರೆ ಹಾಗೆಯೇ ಬರೆಯಲಿ. "ನಿನ್ನ ಕಿವಿಗೆ ಹೇಗೆ ಕೇಳಿಸಿತು, ಮಾಡಿ ತೋರಿಸು" ಎಂದರೆ ನಿಘಂಟಿನಲ್ಲಿಲ್ಲದ, ಆದರೆ ಕರಾರುವಾಕ್ಕಾದ ಪದ ಬರುತ್ತದೆ. ಅದನ್ನು ತಿದ್ದಬೇಡಿ.

ಹಂತ 4: ಒಂದನ್ನೇ ಆರಿಸುವುದು

ಪ್ರತಿ ಮಗುವೂ ಇಡೀ ಪ್ರವಾಸದಿಂದ ಒಂದೇ ವಸ್ತು ಅಥವಾ ಒಂದೇ ಕ್ಷಣ ಆರಿಸಿಕೊಳ್ಳಬೇಕು. 'ಕೆರೆ' ದೊಡ್ಡದಾಯಿತು; 'ಕೆರೆಯ ದಂಡೆಯ ಮರ' ಸರಿಯಾಯಿತು. ಆರಿಸಲು ಕಷ್ಟಪಡುವ ಮಗುವಿಗೆ, ಮನೆಗೆ ಹೋಗಿ ಮೊದಲು ಏನು ಹೇಳಿದೆ ಎಂದು ಕೇಳಿ. ಅದೇ ವಿಷಯ.

ಹಂತ 5: ಅಚ್ಚು ಕೊಡುವುದು

ಏನೂ ಚೌಕಟ್ಟಿಲ್ಲದೆ 'ಬರೆ' ಎಂದರೆ ಬಹಳಷ್ಟು ಮಕ್ಕಳು ಬಿಳಿ ಹಾಳೆ ನೋಡುತ್ತಾ ಕೂರುತ್ತಾರೆ. ಎರಡು ಮೂರು ಅಚ್ಚು ತೋರಿಸಿ, ಅವರೇ ಆರಿಸಿಕೊಳ್ಳಲಿ.

ಎಲ್ಲಕ್ಕಿಂತ ಸುಲಭದ್ದು ಇಂದ್ರಿಯಗಳ ಪದ್ಯ. ಕಣ್ಣಿಗೆ ಒಂದು ಸಾಲು, ಕಿವಿಗೆ ಒಂದು, ಮೂಗಿಗೆ ಒಂದು, ಕೈಗೆ ಒಂದು, ಕೊನೆಯಲ್ಲಿ ಮನಸ್ಸಿಗೆ ಬಂದ ಒಂದು ಪ್ರಶ್ನೆ. ಬರವಣಿಗೆ ಈಗಷ್ಟೇ ಕಲಿತವರಿಗೆ ಇದು ಸರಿ.

ಪಲ್ಲವಿಯ ಪದ್ಯದಲ್ಲಿ, ಅಂದರೆ ನಡುನಡುವೆ ಒಂದೇ ಸಾಲು ಮರಳಿ ಬರುವ ಪದ್ಯದಲ್ಲಿ, ಮಗು ಎರಡು ಸಾಲಿಗೊಮ್ಮೆ 'ಕೆರೆಯ ದಂಡೆಯಲ್ಲಿ' ಎಂಬಂಥ ಸಾಲನ್ನು ಮತ್ತೆ ಬರೆಯುತ್ತದೆ. ಅರ್ಧ ಪದ್ಯ ಮೊದಲೇ ಸಿಕ್ಕಿದಂತಾಗುವುದರಿಂದ ಹಿಂಜರಿಯುವ ಮಕ್ಕಳಿಗೆ ಧೈರ್ಯ ಬರುತ್ತದೆ.

ಮೂರು, ನಾಲ್ಕನೇ ತರಗತಿಯವರಿಗೆ ಒಗಟಿನ ಪದ್ಯವೇ ಅತ್ಯುತ್ತಮ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹೆಸರು ಹೇಳದೆ ವರ್ಣಿಸಿ, ಕೊನೆಯ ಸಾಲಿನಲ್ಲಿ ಮಾತ್ರ ಹೆಸರು ಹೇಳಬೇಕು. ಹೆಸರು ಹೇಳುವಂತಿಲ್ಲ ಎಂದಾಗ ಮಗು ಬೇರೆ ದಾರಿಯಿಲ್ಲದೆ ಲಕ್ಷಣಗಳನ್ನು ಹುಡುಕುತ್ತದೆ. ಒಂದು ಮಾದರಿ:

ಬೆನ್ನ ಮೇಲೆ ಮನೆ,
ಹೆಜ್ಜೆಯಿಲ್ಲದ ನಡಿಗೆ,
ಹೋದಲ್ಲೆಲ್ಲ ಹೊಳೆವ ಗೆರೆ.
ಮುಟ್ಟಿದರೆ ಕೊಂಬು ಒಳಗೆ.
ಬಸವನಹುಳು!

ಹೆಸರಿನ ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಶುರುಮಾಡುವ ಅಕ್ಷರಪದ್ಯವನ್ನು ಈ ಕೆಲಸಕ್ಕೆ ಬಳಸಬೇಡಿ. 'ಕೆರೆ' ಎರಡೇ ಅಕ್ಷರದಲ್ಲಿ ಮುಗಿಯುತ್ತದೆ. 'ರೆ'ಯಿಂದ ಶುರುವಾಗುವ ಪದ ಹುಡುಕುತ್ತಾ ಮಗು 'ರೆಕ್ಕೆ', 'ರೆಂಬೆ'ಗಳ ಹಿಂದೆ ಹೋಗಿ ತಾನು ಕಂಡದ್ದನ್ನು ಮರೆಯುತ್ತದೆ.

ಅಚ್ಚು ಯಾವುದೇ ಇರಲಿ, ಸಾಲಿಗೆ ಹೆಚ್ಚೆಂದರೆ ಐದು ಪದ, ಒಟ್ಟು ಐದರಿಂದ ಎಂಟು ಸಾಲು ಸಾಕು.

ಹಂತ 6: ಮೊದಲ ಕರಡು

ಹದಿನೈದು ನಿಮಿಷ. ಈ ಹೊತ್ತಿನಲ್ಲಿ ಒತ್ತಕ್ಷರ, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣ ಯಾವುದನ್ನೂ ತಿದ್ದಬೇಡಿ. ಒಮ್ಮೆ ಕೆಂಪು ಗೆರೆ ಬಿದ್ದರೆ ಮಗು ತನಗೆ ಕಾಗುಣಿತ ಗೊತ್ತಿರುವ ಪದಗಳನ್ನಷ್ಟೇ ಬರೆಯತೊಡಗುತ್ತದೆ. 'ಬುಸುಗುಟ್ಟಿತು' ಹೋಗಿ 'ಬಂತು' ಬರುತ್ತದೆ. ಮನೆಮಾತಿನ ರೂಪಗಳು ಬಂದರೂ ಇರಲಿ.

ಪೆನ್ಸಿಲ್ ಕೆಳಗಿಟ್ಟು ಕೂತ ಮಗುವಿನ ಪಕ್ಕ ಕೂತು ಮಾತಾಡಿಸಿ. ಮಾತುಕತೆ ಹೀಗೆ ಸಾಗಬಹುದು:

"ಮರ ದೊಡ್ಡದಾಗಿತ್ತು."
"ಎಷ್ಟು ದೊಡ್ಡದು?"
"ನಾವು ನಾಲ್ಕು ಜನ ಕೈ ಹಿಡ್ಕೊಂಡ್ರೂ ಸಾಲಲಿಲ್ಲ."
"ತಬ್ಬಿಕೊಂಡಾಗ ಹೇಗನ್ನಿಸ್ತು?"
"ತರಿತರಿ. ಕೆನ್ನೆಗೆ ಚುಚ್ತು."
"ಮರದ ಮೇಲೆ ಬೇರೆ ಯಾರಿದ್ರು?"
"ಇರುವೆ. ಸಾಲಾಗಿ ಮೇಲೆ ಹೋಗ್ತಿದ್ವು. ಒಂದು ಮಾತ್ರ ಕೆಳಗೆ ಬರ್ತಿತ್ತು."

ಪದ್ಯ ಆಗಲೇ ಬಂದುಬಿಟ್ಟಿದೆ. "ಈಗ ಹೇಳಿದೆಯಲ್ಲ, ಅದನ್ನೇ ಬರೆ" ಎಂದಷ್ಟೇ ಹೇಳಿ ಎದ್ದುಬಿಡಿ. ದೊಡ್ಡವರು ಮಾಡುವ ದೊಡ್ಡ ತಪ್ಪು ಇಲ್ಲೇ ಆಗುವುದು: "ಗಗನ ಮುಟ್ಟುವ ಮರ ಅಂತ ಬರಿ, ಚೆನ್ನಾಗಿರುತ್ತೆ" ಎಂದು ಸಾಲು ಹೇಳಿಕೊಟ್ಟುಬಿಡುತ್ತೇವೆ. ಗಗನ ಮುಟ್ಟುವ ಮರ ಯಾರು ಬೇಕಾದರೂ ಬರೆದಾರು. ಒಂದೇ ಒಂದು ಇರುವೆ ಕೆಳಗಿಳಿಯುತ್ತಿದ್ದದ್ದನ್ನು ಕಂಡದ್ದು ಆ ಮಗು ಮಾತ್ರ.

ಹಂತ 7: ತಿದ್ದುವುದು

ಎರಡನೇ ಅವಧಿ ಪೂರ್ತಿ ಇದಕ್ಕೆ ಮೀಸಲಿಡಿ. ಮೇಲಿನ ಮಗು ಬರೆದುಕೊಟ್ಟ ಕರಡು ಇಂತಿರಬಹುದು:

ನಾವು ನಾಲ್ಕು ಜನ ಮರವನ್ನು ತಬ್ಬಿಕೊಂಡೆವು
ಆದರೂ ಸಾಲಲಿಲ್ಲ
ಮರದ ತೊಗಟೆ ತರಿತರಿಯಾಗಿತ್ತು
ಅದು ನನ್ನ ಕೆನ್ನೆಗೆ ಚುಚ್ಚಿತು
ಇರುವೆಗಳು ಸಾಲಾಗಿ ಮೇಲೆ ಹೋಗುತ್ತಿದ್ದವು
ಒಂದು ಇರುವೆ ಮಾತ್ರ ಕೆಳಗೆ ಬರುತ್ತಿತ್ತು
ನಮಗೆ ತುಂಬಾ ಖುಷಿಯಾಯಿತು

ಮಗು ಮೊದಲು ಗಟ್ಟಿಯಾಗಿ ಓದಲಿ, ಜೊತೆಗಾರ ಕೇಳಲಿ. ಆಮೇಲೆ ಮೂರು ಸಣ್ಣ ಕೆಲಸ. ಒಂದು, ಇಲ್ಲದಿದ್ದರೂ ನಡೆಯುವ ಸಾಲನ್ನು ಹೊಡೆದುಹಾಕುವುದು. ಇಲ್ಲಿ ಕೊನೆಯ ಸಾಲು. ಎರಡು, ಎರಡು ಸಲ ಬಂದ ಪದವನ್ನು ಒಂದು ಕಡೆ ಬಿಡುವುದು. 'ಮರ' ಮತ್ತು 'ಇರುವೆ'. ಮೂರು, ಸಾಲಿನ ಕೊನೆಯ ಕ್ರಿಯಾಪದವನ್ನು ಬೆರಳಿನಿಂದ ಮುಚ್ಚಿ ಓದಿ ನೋಡುವುದು. ಕನ್ನಡದಲ್ಲಿ 'ನೀರು ತಣ್ಣಗೆ', 'ಕಲ್ಲು ನುಣುಪು' ಎಂದರೆ 'ಇತ್ತು' ಇಲ್ಲದೆಯೂ ಅರ್ಥ ಪೂರ್ಣ. ಮುಚ್ಚಿದಾಗಲೂ ಅರ್ಥವಾದರೆ ಆ ಪದ ಬೇಡ. ಹೀಗೆ ಮಾಡಿದ ಮೇಲೆ:

ನಾಲ್ಕು ಜನರ ಕೈ ಸೇರಿದರೂ
ಮರಕ್ಕೆ ಸಾಲಲಿಲ್ಲ.
ತರಿತರಿ ತೊಗಟೆ
ಕೆನ್ನೆಗೆ ಚುಚ್ಚಿತು.
ಇರುವೆಗಳೆಲ್ಲ ಸಾಲಾಗಿ ಮೇಲಕ್ಕೆ,
ಒಂದು ಮಾತ್ರ ಕೆಳಕ್ಕೆ.

ಕೊನೆಯಲ್ಲಿ ಬಂದ 'ಮೇಲಕ್ಕೆ', 'ಕೆಳಕ್ಕೆ' ಪ್ರಾಸ ಯಾರೂ ಹುಡುಕಿದ್ದಲ್ಲ. ಪ್ರಾಸದ ವಿಷಯದಲ್ಲಿ ಇದೇ ಸರಿಯಾದ ದಾರಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಅಂತ್ಯಪ್ರಾಸ ಎಂದರೆ ಸಾಲುಗಳ ಕೊನೆ ಒಂದೇ ರೀತಿ ಕೇಳಿಸುವುದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ 'ಹೋದೆವು, ನೋಡಿದೆವು, ಆಡಿದೆವು' ಎಂಬ ಪ್ರಾಸ ಪುಕ್ಕಟೆ ಸಿಗುತ್ತದೆ, ಮಗು ಪದ್ಯ ಮುಗಿಯಿತು ಎಂದುಕೊಳ್ಳುತ್ತದೆ. ಅದನ್ನು ತಡೆಯಲು ನೀವು 'ಬೇರೆ ಪದದ ಪ್ರಾಸ ತಾ' ಎಂದಿರೋ, ಅಲೆಯೇ ಇಲ್ಲದ ದಿನದಲ್ಲೂ 'ಕೆರೆ'ಗೆ 'ತೆರೆ' ಬಂದು ಕೂರುತ್ತದೆ. ಪ್ರಾಸಕ್ಕಾಗಿ ಮಗು ಕಾಣದ್ದನ್ನು ಬರೆಯುತ್ತದೆ. ಪ್ರಾಸ ಬಂದರೆ ಇರಲಿ, ಬಾರದಿದ್ದರೆ ಕೇಳಬೇಡಿ. ಓದುವಾಗ ಲಯ ಬೇಕೆನಿಸಿದರೆ ಬೇರೆ ಉಪಾಯಗಳಿವೆ: ಒಂದೇ ಪದವನ್ನು ಎರಡು ಸಲ ಹೇಳುವುದು ('ಮೆಲ್ಲ ಮೆಲ್ಲಗೆ', 'ಸಾಲು ಸಾಲು'), ಅನುಕರಣ ಪದ, ಪಲ್ಲವಿ, ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಅಕ್ಕಪಕ್ಕ ಇಡುವುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬ ಮಾತ್ರೆಗಳ ಲೆಕ್ಕ ಈ ವಯಸ್ಸಿಗೆ ಬೇಡ. ಚಪ್ಪಾಳೆ ತಟ್ಟುತ್ತಾ ಓದಲಿ, ಎಡವಿದ ಕಡೆ ಪದ ಬದಲಿಸಲಿ.

ಹೋಲಿಕೆಗೂ ಮಿತಿ ಇರಲಿ. ಒಂದು ಪದ್ಯಕ್ಕೆ ಒಂದು 'ಹಾಗೆ' ಅಥವಾ 'ಅಂತೆ' ಸಾಕು. ಮಗುವಿನ ಮೊದಲ ಹೋಲಿಕೆ ಬಹುಮಟ್ಟಿಗೆ ಎಲ್ಲೋ ಕೇಳಿದ್ದು: 'ಹಾಲಿನಂತೆ ಬಿಳಿ'. ಎರಡನೆಯದು ಕೇಳಿ, ಮೂರನೆಯದೂ ಕೇಳಿ. ಮೂರನೆಯದು ಸಾಮಾನ್ಯವಾಗಿ ಅದರದೇ ಆಗಿರುತ್ತದೆ.

ಹಂತ 8: ಚೊಕ್ಕ ಪ್ರತಿ

ಕಾಗುಣಿತ ತಿದ್ದುವುದು ಈಗ, ಅದೂ ಮಗುವಿನ ಜೊತೆ ಕೂತು. ಆದರೆ ಮಗು ಕಟ್ಟಿದ ಸದ್ದಿನ ಪದ ಮತ್ತು ಬೇಕೆಂದೇ ಇಟ್ಟ ಮನೆಮಾತನ್ನು ಹಾಗೆಯೇ ಬಿಡಿ. ಸಾಲು ಎಲ್ಲಿ ಮುರಿಯಬೇಕೆಂದು ಗೊತ್ತಾಗದಿದ್ದರೆ, ಓದುವಾಗ ಉಸಿರು ನಿಂತ ಕಡೆ ಗೆರೆ ಹಾಕಿಸಿ. ಶೀರ್ಷಿಕೆ ಕೊನೆಯಲ್ಲಿ ಬರಲಿ. 'ನಮ್ಮ ಪ್ರವಾಸ' ಬೇಡ, ಪದ್ಯದೊಳಗಿನ ಎರಡು ಪದ ತೆಗೆದುಕೊಂಡರೆ ಸಾಕು. ಪದ್ಯದ ಪಕ್ಕ ಚಿತ್ರ ಬರೆಯಲು ಜಾಗ ಬಿಡಿಸಿ, ಆದರೆ ಚಿತ್ರ ಬರೆಯುವುದು ಪದ್ಯ ಮುಗಿದ ಮೇಲೆ. ಮೊದಲು ಚಿತ್ರಕ್ಕೆ ಬಿಟ್ಟರೆ ಬಣ್ಣ ತುಂಬುವುದರಲ್ಲೇ ಅವಧಿ ಮುಗಿಯುತ್ತದೆ.

ಗೋಡೆಗೆ ಹಚ್ಚುವಾಗ ಮಕ್ಕಳ ಕಣ್ಣಿನ ಎತ್ತರಕ್ಕೆ ಹಚ್ಚಿ. ಎಲ್ಲರ ಪದ್ಯವನ್ನೂ ಹಚ್ಚಿ, ಬಹುಮಾನ, ಅಂಕ ಬೇಡ. ಒಂದು ಪದ್ಯಕ್ಕೆ ಬಹುಮಾನ ಕೊಟ್ಟರೆ ಮುಂದಿನ ಸಲ ಎಲ್ಲರೂ ಆ ಪದ್ಯದ ನಕಲನ್ನೇ ಬರೆಯುತ್ತಾರೆ. ಓದಿಸುವಾಗ ಪ್ರತಿ ಪದ್ಯಕ್ಕೂ ಕೇಳುಗರು ತಮಗೆ ನೆನಪುಳಿದ ಒಂದು ಪದವನ್ನು ಹೇಳಲಿ; ಕೇಳುಗರಿಗೆ ಯಾವ ಪದ ತಾಗಿತು ಎಂಬುದು ಬರೆದ ಮಗುವಿಗೆ ಅದರಿಂದಲೇ ತಿಳಿಯುತ್ತದೆ.

ಇನ್ನು ಆ ದಿನ ಬಾರದ ಮಗುವಿನ ವಿಷಯ. ಫೋಟೊ ಕೊಟ್ಟು ಪದ್ಯ ಬರೆಸಬೇಡಿ. ಹೋಗಿಬಂದ ಇಬ್ಬರನ್ನು ಅದು ಪ್ರಶ್ನೆ ಕೇಳಲಿ: ಮೊದಲು ಏನು ಕೇಳಿಸಿತು, ಕಾಲಡಿಯಲ್ಲಿ ಏನಿತ್ತು, ಯಾವುದನ್ನು ಮುಟ್ಟಿದೆ, ಯಾವುದಕ್ಕೆ ಹೆದರಿದೆ. ಬಂದ ಉತ್ತರಗಳನ್ನು ಪುಟಾಣಿ ಪುಸ್ತಕದಲ್ಲಿ ಬರೆದುಕೊಂಡು 'ಅವರು ಹೇಳಿದರು' ಎಂಬ ಪಲ್ಲವಿ ಇಟ್ಟು ಪದ್ಯ ಕಟ್ಟಲಿ. ಉತ್ತರ ಕೊಟ್ಟ ಇಬ್ಬರಿಗೂ ತಾವು ಬರೆಯಲು ಮರೆತ ವಿವರಗಳು ಈ ಪ್ರಶ್ನೆಗಳಿಂದ ನೆನಪಾಗುತ್ತವೆ, ಆದ್ದರಿಂದ ಈ ಕೆಲಸವನ್ನು ಏಳನೇ ಹಂತಕ್ಕೆ ಮುಂಚೆಯೇ ಮಾಡಿಸಿ.